ಸೀನದವರ ಶಿಖರ

ಬೇಸಿಗೆ ಬಂತೆಂದರೆ ನಮ್ಮ ಓಣಿಯಲ್ಲಿ ಮೆಣಸಿನಕಾಯಿ ಹುರಿಯುವ ಘಾಟು ಏಳುತ್ತಿತ್ತು. ನನ್ನ ತವರು ಬ್ಯಾಡಗಿ. ಅವ್ವ ಬಣ್ಣಕ್ಕೆಂದು ಊರಿನ ಮೆಣಸಿನಕಾಯಿ, ಖಾರಕ್ಕೆಂದು ಗುಂಟೂರಿನದು ಎರಡನ್ನೂ ಬೆರೆಸಿ, ಕಬ್ಬಿಣದ ಬಾಣಲೆಗೆ ಒಂದೆರಡು ಹನಿ ಎಣ್ಣೆ ಬಿಟ್ಟು ಹುರಿಯುತ್ತಿದ್ದಳು. ಮೊದಲು ಸುಟ್ಟ ಬೆಲ್ಲದಂಥ ಸಿಹಿ ವಾಸನೆ ಬರುತ್ತಿತ್ತು. ಇಷ್ಟೇ ಏನೋ ಅಂದುಕೊಂಡು ಉಸಿರೆಳೆದುಕೊಂಡರೆ ಗಂಟಲಿಗೆ ಗುದ್ದು ಬೀಳುತ್ತಿತ್ತು. ಮೊದಲು ನಮ್ಮ ಮನೆ, ಆಮೇಲೆ ಪಕ್ಕದ ಮನೆ, ಹೀಗೆ ಓಣಿಯುದ್ದಕ್ಕೂ ಜನ ಸೀನುತ್ತಾ ಹೋಗುತ್ತಿದ್ದರು. ಎದುರು ಮನೆಯ ಅಜ್ಜ ಸೀನಿದರೆ ಅವ್ವ ಒಲೆ ಮುಂದಿನಿಂದಲೇ, "ನೂರು ವರ್ಷ ಬಾಳ್ರಿ ಕಾಕಾರ!" ಎಂದು ಕೂಗುತ್ತಿದ್ದಳು. "ನಿನ್ನ ಘಾಟಿನಾಗ ಸಂಜಿತನಕ ಬಾಳಿದ್ರ ಸಾಕವ್ವಾ!" ಎಂದು ಅವರು ಕೂಗುತ್ತಿದ್ದರು. ಸೀನಿದವನಿಗೆ ಆಯುಷ್ಯ ಹಾರೈಸುವ ಜನ ನಾವು.

ಈಗ ನಾನಿರುವುದು ನಿರಾಮಯ ಶಿಖರದಲ್ಲಿ. ಇಲ್ಲಿ ಸೀನುವುದು ಅಪರಾಧ.

ಹುಬ್ಬಳ್ಳಿಯ ಹೊರಗೆ, ನಲವತ್ತು ಮನೆಗಳ ಗಾಜಿನ ಕಟ್ಟಡವಿದು. ಹಿಂದಿನ ದೊಡ್ಡ ಜ್ವರಗಳಲ್ಲಿ ಹೆದರಿದವರು ಕೂಡಿ ಕಟ್ಟಿಸಿಕೊಂಡದ್ದು. ಕಿಟಕಿಗಳು ತೆರೆಯುವುದಿಲ್ಲ. ಗಾಳಿ ಸೋಸಿ ಬರುತ್ತದೆ. ಊಟ ಕೆಳಗಿನ ಅಡುಗೆಮನೆಯಿಂದ ಗಾಲಿ ಡಬ್ಬಿಯಲ್ಲಿ ಉರುಳಿಕೊಂಡು ಬರುತ್ತದೆ. ಒಗ್ಗರಣೆ ನಿಷಿದ್ಧ. ಒಗ್ಗರಣೆಯಿಲ್ಲದ ಸಾರಿಗೆ ಇವರು ಆರೋಗ್ಯ ಎಂದು ಹೆಸರಿಟ್ಟಿದ್ದಾರೆ.

ಪ್ರತಿ ಗೋಡೆಯಲ್ಲೂ ಅಂಗಿಯ ಗುಂಡಿಯಷ್ಟು ದಪ್ಪದ ಒಂದು ಕಿವಿ ಇದೆ. ಯಾರು ಸೀನಿದರು, ಯಾವ ಮನೆಯವರು ಎಂಬುದು ಅದಕ್ಕೆ ಗೊತ್ತಾಗುತ್ತದೆ. ಒಮ್ಮೆ ಸೀನಿದರೆ ನಿಮ್ಮ ಬಾಗಿಲ ಮೇಲಿನ ಹಸಿರು ದೀಪ ಹಳದಿಯಾಗುತ್ತದೆ. ಅದೇ ದಿನ ಮತ್ತೆ ಸೀನಿದರೆ ಕೆಂಪು. ಕೆಂಪಾದ ಬಾಗಿಲಿಗೆ ಊಟದ ಡಬ್ಬಿ ಬರುವುದಿಲ್ಲ, ನೆರೆಯವರಂತೂ ಬರುವುದೇ ಇಲ್ಲ. ಮೂರು ದಿನ ಕೆಂಪಿದ್ದರೆ ಮನೆ ಖಾಲಿ ಮಾಡಬೇಕು. ಅದಕ್ಕೇ ಇಲ್ಲಿನವರು ಸೀನನ್ನು ನುಂಗುವುದು ಕಲಿತಿದ್ದಾರೆ. ಮಾತಿನ ನಡುವೆ ಹಠಾತ್ತನೆ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು, ಗಂಟಲಲ್ಲಿ ಏನೋ ಒತ್ತಿಹಿಡಿದು, ಮತ್ತೆ ನಗುತ್ತಾರೆ. ಕಟ್ಟಡದ ಸಮಿತಿಯ ಅಧ್ಯಕ್ಷ ಮುನವಳ್ಳಿಯವರಿಗಂತೂ ನುಂಗಿ ನುಂಗಿ, ಏನೋ ಹೇಳಲು ಬಂದು ಮರೆತವರ ಕಳೆ ಮುಖದಲ್ಲಿ ಕಾಯಂ ಆಗಿ ನಿಂತುಬಿಟ್ಟಿದೆ.

ಹೊರಗಿನವರಿಗೆ ಇಲ್ಲಿ ಒಂದು ಹೆಸರಿದೆ. ಸಿಂಬಳದವರು.

ಪ್ರತಿ ವರ್ಷ ಎಲ್ಲರ ತೋಳಿಗೂ ಫ್ಲೂ ಲಸಿಕೆಯ ಚುಚ್ಚುಮದ್ದು. ಆಮೇಲೆ ರಕ್ತಪರೀಕ್ಷೆ. ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಎಂಬ ಸಂಖ್ಯೆಯನ್ನು ಒಂದು ಕಾರ್ಡಿನ ಮೇಲೆ ಅಚ್ಚು ಹಾಕಿ ಕೊರಳಿಗೆ ಹಾಕಿಕೊಳ್ಳುತ್ತಾರೆ. ಹೆಣ್ಣು ನೋಡಲು ಬಂದವರು ಮೊದಲು ಮುಖ ನೋಡುವುದಿಲ್ಲ, ಕಾರ್ಡು ನೋಡುತ್ತಾರೆ. ನನ್ನ ಮಗ ಗುರುಸಿದ್ಧ ಈ ಸಮಿತಿಯ ಕಾರ್ಯದರ್ಶಿ. ಒಳ್ಳೆಯ ಹುಡುಗ. ಹೆದರಿದ ಹುಡುಗ. ನನ್ನನ್ನು ಇಲ್ಲಿ ಇಟ್ಟುಕೊಳ್ಳಲು ಸಮಿತಿಯ ಮುಂದೆ ಕೈ ಮುಗಿದು ನಿಂತದ್ದು ನನಗೆ ಗೊತ್ತು. ಹಾಲು ಕಾಯಿಸಿಕೊಳ್ಳಲೆಂದು ನನಗೊಂದು ಕರೆಂಟಿನ ಒಲೆಯನ್ನೂ ಕೊಡಿಸಿದ್ದ. ಇಡೀ ಶಿಖರದಲ್ಲಿ ಮನೆಯೊಳಗೆ ಒಲೆಯಿದ್ದದ್ದು ನಮ್ಮಲ್ಲಿ ಮಾತ್ರ.

ಅವನ ಹೆಂಡತಿ ಮೈತ್ರಾ ರೋಗನಿರೋಧ ವಿಜ್ಞಾನಿ. ಶಿಖರದ ನೆಲಮಹಡಿಯಲ್ಲಿ ಅವಳ ಪ್ರಯೋಗಶಾಲೆ. ಅದಕ್ಕೆ ಎರಡು ಬಾಗಿಲು, ಒಂದು ಒಳಕ್ಕೆ, ಒಂದು ಹೊರ ರಸ್ತೆಗೆ. ತಮ್ಮಲ್ಲೊಂದು ಪ್ರಯೋಗಶಾಲೆ ಇದೆ ಎಂದು ಹೇಳಿಕೊಳ್ಳುವುದು ಮುನವಳ್ಳಿಯವರಿಗೆ ಇಷ್ಟ. ಅಲ್ಲಿ ಏನು ನಡೆಯುತ್ತದೆ ಎಂದು ಕೇಳುವುದು ಅವರಿಗೆ ಅಷ್ಟು ಇಷ್ಟವಿರಲಿಲ್ಲ.

ಆ ಮಳೆಗಾಲದ ಮೊದಲಲ್ಲಿ ಮೈತ್ರಾಳ ಹೊಸ ಯಂತ್ರ ಸಿದ್ಧವಾಯಿತು. ಹೆಸರು ಉದ್ದವಾಗಿತ್ತು. ಪ್ರಯೋಗಶಾಲೆಯ ಹುಡುಗಿಯರು ಅದನ್ನು ಕಂದೀಲು ಎಂದು ಕರೆಯುತ್ತಿದ್ದರು. ಒಂದು ಕೊಳವೆಯಿಂದ ತೆಳುವಾದ ಮಂಜನ್ನು ಉಸಿರಿನಲ್ಲಿ ಎಳೆದುಕೊಳ್ಳಬೇಕು. ಅದರಲ್ಲಿ ನಿರುಪದ್ರವಿ ಕಣಗಳಿರುತ್ತವೆ. ಅವು ಶ್ವಾಸಕೋಶದಲ್ಲಿ ಒಂದು ಜಾತಿಯ ಕೋಶಗಳಿಗೆ ಮಾತ್ರ ಅಂಟಿಕೊಂಡು ಬೆಳಗುತ್ತವೆ. ಪರದೆಯ ಮೇಲೆ ಎದೆಯ ಚಿತ್ರ ಬರುತ್ತದೆ, ಆ ಕೋಶಗಳಿದ್ದ ಕಡೆಯೆಲ್ಲ ಹಳದಿ ಚುಕ್ಕೆ.

ನಾನು ಓದಿದ್ದು ಪ್ರಾಣಿಶಾಸ್ತ್ರ, ಅದೂ ಎಷ್ಟೋ ವರ್ಷಗಳ ಹಿಂದೆ. ಆದರೂ ನನಗೆ ತಿಳಿಯುವಂತೆ ಹೇಳುವ ತಾಳ್ಮೆ ಆ ಹುಡುಗಿಗಿದೆ.

"ಅತ್ಯಾರ, ನಮ್ಮ ರಕ್ತದಾಗಿನ ಪ್ರತಿಕಾಯ ಅನ್ನೂದು ವೈರಸ್ಸಿನ ಅಂಗಿ ನೋಡಿ ಗುರುತು ಹಿಡೀತೈತಿ," ಎಂದಳು. "ಫ್ಲೂ ವೈರಸ್ ವರ್ಷಾ ಅಂಗಿ ಬದಲು ಮಾಡ್ತೈತಿ. ಬದಲಾದ್ರ ಇದಕ್ಕ ಗುರುತೇ ಸಿಗೂದಿಲ್ಲ. ಇನ್ನೊಂದು ಕಾವಲು ಐತಿ, ಟಿ ಕೋಶ ಅಂತ. ಅವು ಅಂಗಿ ನೋಡೂದಿಲ್ರಿ, ವೈರಸ್ಸಿನ ಒಳಗಿನ ಎಲುಬು ನೋಡ್ತಾವ. ಎಲುಬು ಹಂಗ ಸುಲಭಕ್ಕ ಬದಲಾಗೂದಿಲ್ಲ."

"ಅವೂ ರಕ್ತದಾಗ ಇರ್ತಾವಲ್ಲ?"

"ಕೆಲವು ಇರ್ತಾವ. ಆದ್ರ ಒಮ್ಮೆ ಫ್ಲೂ ಬಂದು ಹೋದಮ್ಯಾಲ ಒಂದಿಷ್ಟು ಟಿ ಕೋಶ ಶ್ವಾಸಕೋಶದಾಗ ಉಳಕೊಂಡು ಬಿಡ್ತಾವ. ತಿರುಗಾಡೂದಿಲ್ಲ. ಅಲ್ಲೇ ಗೋಡಿಗೆ ಹತ್ತಿ ಕೂತಿರ್ತಾವ, ಬಂದವ್ರನ್ನ ನೆನಪಿಟ್ಟುಕೊಂಡು. ಮುಂದಿನ ಸಲ ವೈರಸ್ ಬಂತಂದ್ರ ರಕ್ತದಿಂದ ಯಾರರ ಬರ್ಲಿ ಅಂತ ಕಾಯೂದಿಲ್ಲ. ವೈರಸ್ ಹೊಕ್ಕ ಕೋಶನ್ನ ಅಲ್ಲೇ ಕೊಂದು, ಉಳದವ್ರಿಗೆ ಸುದ್ದಿ ಮುಟ್ಟಸ್ತಾವ. ರೋಗ ಬರೂದೇ ಇಲ್ಲ ಅಂತಲ್ರಿ. ಬಂದ್ರೂ ಅದಕ್ಕ ಕೂಡಾಕ ಜಾಗ ಸಿಗೂದಿಲ್ಲ."

"ಮತ್ತ ನಮ್ಮ ಚುಚ್ಚುಮದ್ದು?"

"ತೋಳಿಗೆ ಚುಚ್ಚಿದ್ರ ರಕ್ತದಾಗ ಪ್ರತಿಕಾಯ ತಯಾರಾಗ್ತೈತಿ. ಶ್ವಾಸಕೋಶದಾಗ ಕಾವಲು ಕೂಡಬೇಕಂದ್ರ ಮೂಗಿನ ದಾರಿಯಿಂದನ ಏನರ ಬರಬೇಕು. ಅದೂ ಆಗಾಗ ಬರ್ತಿರಬೇಕು. ಬರೂದು ನಿಂತ್ರ ಅವೂ ಒಂದೊಂದ ಎದ್ದು ಹೋಗಿಬಿಡ್ತಾವ."

ಮೊದಲ ದಿನ ಇಬ್ಬರನ್ನು ನೋಡಿದರು. ಒಬ್ಬಳು ಹುಲಿಗೆವ್ವ, ಹೊರಗಿನ ಓಣಿಯ ಅಂಗನವಾಡಿಯ ಆಯಾ. ನಲವತ್ತರ ಆಚೆಯ ಹೆಂಗಸು, ಬಾಯಿ ಬಹಳ ಜೋರು. ಹೊರಗಿನವರ ಶ್ವಾಸಕೋಶವೂ ಬೇಕಲ್ಲ ಎಂದು ಮೈತ್ರಾ ಅವಳನ್ನು ಕರೆಸಿದ್ದಳು. ಪ್ರಯೋಗಶಾಲೆಯ ಹುಡುಗಿಯೊಬ್ಬಳು ಕೊಳವೆಯ ಲೋಹದ ಬಾಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಅವಳಿಗೆ ಕೊಟ್ಟದ್ದನ್ನು ನಾನು ನೋಡಿದೆ. ಹುಲಿಗೆವ್ವನೂ ನೋಡಿದಳು.

ಪರದೆ ಬೆಳಗಿತು. ಎರಡೂ ಶ್ವಾಸಕೋಶದ ತುಂಬ ಹಳದಿ ಚುಕ್ಕೆಗಳು, ದೀಪಾವಳಿಯ ದಿನ ಗುಡ್ಡದ ಮೇಲಿನಿಂದ ಊರು ನೋಡಿದ ಹಾಗೆ.

"ಏನ್ರೀ ಇದು, ನನ್ನ ಎದ್ಯಾಗ ಜಾತ್ರಿ ನಡದೈತಲ್ಲ!" ಎಂದಳು ಹುಲಿಗೆವ್ವ.

"ನಿಮ್ಮ ಅಂಗನವಾಡಿ ಹುಡುಗ್ರು ಕೊಟ್ಟದ್ದು," ಎಂದಳು ಮೈತ್ರಾ. "ವರ್ಷಾ ಒಂದೊಂದು ನೆಗಡಿ ಹಚ್ಚಿ, ನಿಮ್ಮ ಕಾವಲಿನವ್ರನ್ನ ಎಚ್ಚರ ಇಟ್ಟಾರ."

"ಹೌದ್ ಬಿಡ್ರಿ. ದಿನಾ ಇಪ್ಪತ್ತು ಮೂಗು ಒರಸ್ತೀನಿ. ಒಂದೂ ಥ್ಯಾಂಕ್ಸ್ ಅನ್ನೂದಿಲ್ಲ. ಹಿಂಗ ಕೊಟ್ಟಾವೇನು?"

ಆಮೇಲೆ ನನ್ನ ಮೊಮ್ಮಗಳು ಇಂಪನಾಳನ್ನು ಕೂರಿಸಿದರು. ಐದು ವರ್ಷದ ಮಗು. ಶಿಖರದಲ್ಲೇ ಹುಟ್ಟಿದ್ದು. ಒಂದು ದಿನವೂ ನೆಗಡಿಯಾಗಿಲ್ಲ. ಅವಳ ಕಾರ್ಡಿನ ಸಂಖ್ಯೆ ನಮ್ಮ ಮಹಡಿಯಲ್ಲೇ ಹೆಚ್ಚು.

ಪರದೆಯ ಮೇಲೆ ಎದೆಗೂಡು ಬಂತು. ಪಕ್ಕೆಲುಬುಗಳ ನಡುವೆ ಏನೂ ಇರಲಿಲ್ಲ. ಮೈತ್ರಾ ಇನ್ನೊಮ್ಮೆ ಮಂಜು ಕೊಟ್ಟಳು. ಮತ್ತೆ ಕತ್ತಲೆ. ಎಲ್ಲೋ ಮೂಲೆಯಲ್ಲಿ ಒಂದು ಚುಕ್ಕೆ ಬಂದಂತಾಯಿತು, ಅದು ಗಾಜಿನ ಮೇಲಿನ ಧೂಳು.

"ಮಮ್ಮಿ, ನಂದು ಯಾಕ ಹತ್ತಿಲ್ಲ?" ಎಂದು ಇಂಪನಾ ಕೇಳಿದಳು.

ಹುಲಿಗೆವ್ವ ಮಗುವಿನ ಗಲ್ಲ ಹಿಡಿದು, "ನಿಂದು ಹೊಸಾ ಮನಿ ಅಲ್ಲನವ್ವಾ, ಇನ್ನೂ ಕರೆಂಟ್ ಕೊಟ್ಟಿಲ್ಲ," ಎಂದಳು.

ಅಷ್ಟರಲ್ಲಿ ಒಳಬಾಗಿಲಿಂದ ಮುನವಳ್ಳಿಯವರು ಬಂದರು. ಹುಲಿಗೆವ್ವನನ್ನು ಕಂಡು, ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಮೈತ್ರಾಳಿಗೆ ಹೇಳಿದರು: "ಡಾಕ್ಟರ್, ಈ ಸಿಂಬಳದವ್ರನ್ನ ಹೊರಗಿನ ಬಾಗ್ಲಾಗ ನಿಲ್ಲಿಸಿ ನೋಡ್ರಿ. ಖುರ್ಚಿ ಮ್ಯಾಲೆ ಯಾಕ ಕೂಡಸ್ತೀರಿ?"

"ಸಾಹೇಬ್ರ, ನನ್ನ ಸಿಂಬಳ ನನ್ನ ಮೂಗಿನಾಗ ಐತ್ರಿ," ಎಂದಳು ಹುಲಿಗೆವ್ವ. "ನೀವು ದಿನಾ ಒಳಗ ಎಳಕೊಂಡದ್ದು ಎಲ್ಲಿಗೆ ಹೊಕ್ಕೈತಿ? ತಲಿಗೇನು?"

ನಾನು ಗೋಡೆಯ ಕಡೆ ತಿರುಗಿ ನಕ್ಕೆ. ಆವತ್ತಿನಿಂದ ಹುಲಿಗೆವ್ವ ಹೊರಬಾಗಿಲ ಹೊಸ್ತಿಲು ದಾಟಿ ಒಳಗೆ ಬರಕೂಡದೆಂದು ಸಮಿತಿ ಆಜ್ಞೆ ಹೊರಡಿಸಿತು. ಹೊಸ್ತಿಲಾಚೆ ನಿಂತು ಮಾತಾಡಿದರೆ ಅಡ್ಡಿಯಿಲ್ಲವಂತೆ. ಗಾಳಿ ಹೊಸ್ತಿಲು ದಾಟುವುದಿಲ್ಲವೆಂದು ಅವರ ತಿಳಿವಳಿಕೆ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ಮಾತು. ಬಂದರುಗಳ ಕಡೆಯಿಂದ ಹೊಸ ಫ್ಲೂ ಬರುತ್ತಿತ್ತು. ಹಿಂದೆ ಯಾರೂ ನೋಡದ ಅಂಗಿ ಅದರದ್ದು. ಈ ವರ್ಷದ ಚುಚ್ಚುಮದ್ದು ಅದಕ್ಕೆ ಹೊಂದುವುದಿಲ್ಲ ಎಂದು ಮೈತ್ರಾ ಹೇಳುತ್ತಲೇ ಇದ್ದಳು. ಜ್ವರ ಆಗಲೇ ಬೆಳಗಾವಿಗೆ ಬಂದಿತ್ತು. ಹೊರಗಿನ ಮಕ್ಕಳಿಗೆ ಸರಕಾರ ಮೂಗಿಗೆ ಹಾಕುವ ಹನಿ ಕೊಡುತ್ತಿತ್ತು. ದುರ್ಬಲ ಮಾಡಿದ ಜೀವಂತ ವೈರಸ್ಸು ಅದು. ನಾಲ್ಕು ದಿನ ಮೂಗು ಸೋರುತ್ತದೆ, ಸೀನು ಬರುತ್ತದೆ. ಕೆಲವು ವಾರಗಳಲ್ಲಿ ಶ್ವಾಸಕೋಶದಲ್ಲಿ ಕಾವಲು ಕೂರುತ್ತದೆ. ಜ್ವರ ಬಂದಮೇಲೆ ಹಾಕಿದರೆ ಉಪಯೋಗವಿಲ್ಲ. ಹನಿಯ ಸೀಸೆ ಮೈತ್ರಾಳ ಪ್ರಯೋಗಶಾಲೆಯ ತಂಪುಪೆಟ್ಟಿಗೆಯಲ್ಲೇ ಇತ್ತು.

"ನಾಲ್ಕು ದಿನ ಸೀನಿದ್ರ ಬಾಗ್ಲಾ ಕೆಂಪಾಗಿ ಮನಿ ಹೋಗ್ತೈತಿ," ಎಂದ ಗುರುಸಿದ್ಧ. "ಹೊರಗ ಹೋಗೂದು ಎಲ್ಲಿಗೆ? ಜ್ವರ ಇರೂದ ಹೊರಗ."

"ಒಳಗ ಬರೂದಿಲ್ಲ ಅಂತ ಬರದು ಕೊಟ್ಟಾರೇನ್ರಿ?" ಎಂದಳು ಮೈತ್ರಾ.

"ಗಾಳಿ ಸೋಸಿ ಬರ್ತೈತಿ."

"ಗಾಳಿ ಸೋಸ್ತೀರಿ. ಮುನವಳ್ಳಿ ಸಾಹೇಬ್ರು ತಿಂಗಳಿಗೊಮ್ಮೆ ಮುಂಬೈಗೆ ಹೋಗಿ ಬರ್ತಾರಲ್ಲ, ಅವ್ರನ್ನ ಯಾರು ಸೋಸ್ತಾರ?"

ಅವನು ಎದ್ದು ಹೋದ. ಹೋಗುವಾಗ ಇಂಪನಾಳ ಹೊದಿಕೆ ಜಾರಿದ್ದನ್ನು ಸರಿಮಾಡಿ ಹೋದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಒಂದು ದೀಪದ ಬಣ್ಣಕ್ಕೆ ಹೆದರಿ ಮಗುವಿನ ಎದೆಯನ್ನು ಕತ್ತಲಲ್ಲಿ ಬಿಡುವ ಹಾಗೆ ಅವನನ್ನು ತಿದ್ದಿದವರ ಮೇಲೆ ನನಗೆ ಬಂದದ್ದಕ್ಕೆ ಸಿಟ್ಟು ಎಂಬ ಮಾತು ಸಾಲದು. ಹೇಸಿಗೆ.

ಸಮಿತಿಯೇ ಎಲ್ಲ ಮಕ್ಕಳಿಗೂ ನಾಲ್ಕು ದಿನ ಸೀನಲು ಅನುಮತಿ ಕೊಟ್ಟರೆ ಆಯಿತಲ್ಲ, ವಾರ್ಷಿಕ ಸಭೆಯಲ್ಲಿ ಕೇಳುತ್ತೇನೆ, ಎಂದಳು ಮೈತ್ರಾ. ಅವಳಿಗೆ ಇನ್ನೂ ಮನುಷ್ಯರ ಮೇಲೆ ನಂಬಿಕೆಯಿತ್ತು. ನಾನು ಅಷ್ಟು ವಿದ್ಯಾವಂತಳಲ್ಲ. ಮರುದಿನ ಪ್ರಯೋಗಶಾಲೆಯ ಹೊರಬಾಗಿಲಿಗೆ ಹೋಗಿ, ಹೊಸ್ತಿಲಾಚೆ ಕೂತಿದ್ದ ಹುಲಿಗೆವ್ವನಿಗೆ ಹೇಳಿದೆ: "ನನಗೊಂದು ಹಿಡಿ ಒಣ ಮೆಣಸಿನಕಾಯಿ ಬೇಕವ್ವಾ. ಬ್ಯಾಡಗೀವು."

"ಯಾಕ್ರಿ ಅಕ್ಕಾರ, ಬಾಯಿ ಸಪ್ಪಗಾತೇನು?"

ನಾನು ವಿಷಯ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಅಲುಗಾಡಿದಳು.

"ಹಂಗಾರ ಬ್ಯಾಡಗಿ ಬ್ಯಾಡ್ರಿ," ಎಂದಳು ಕಣ್ಣೊರಸಿಕೊಂಡು. "ಅದು ಬರೇ ಬಣ್ಣ. ಇವ್ರಿಗೆ ಗುಂಟೂರ ಬೇಕು."

ಅವಳು ತಂದುಕೊಟ್ಟದ್ದನ್ನು ನನ್ನ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡೆ.

ವಾರ್ಷಿಕ ಸಭೆಗೆ ಇವರು ನಿಶ್ಶಬ್ದ ದಿನ ಎನ್ನುತ್ತಾರೆ. ಮಕ್ಕಳನ್ನು ಮೇಲಿನ ಆಟದ ಕೋಣೆಯಲ್ಲಿ ಬಿಟ್ಟು ನಲವತ್ತು ಮನೆಗಳ ದೊಡ್ಡವರೆಲ್ಲ ಸಭಾಂಗಣದಲ್ಲಿ ಸೇರಬೇಕು. ಇನ್ನೊಂದು ವರ್ಷ ಸೀನಿಲ್ಲದೆ ಕಳೆದದ್ದಕ್ಕೆ ಪರಸ್ಪರ ಅಭಿನಂದಿಸಿಕೊಳ್ಳಬೇಕು. ಗೋಡೆಯ ದೊಡ್ಡ ಪರದೆಯಲ್ಲಿ ನಲವತ್ತು ಹಸಿರು ದೀಪಗಳ ಚಿತ್ರ. ಮುನವಳ್ಳಿಯವರು ಮಾತಾಡಿದರು. ಹೊರಗಿನ ಜಗತ್ತಿನ ಕೊಳಕು, ಒಳಗಿನ ಶಿಸ್ತು. ಪ್ರತಿ ವರ್ಷದ ಭಾಷಣವೇ. ಚಪ್ಪಾಳೆ ಮಾತ್ರ ಹೊಸದು.

ಕೊನೆಗೆ ಮೈತ್ರಾ ಎದ್ದು ಕಂದೀಲಿನ ಎರಡು ಚಿತ್ರ ತೋರಿಸಿದಳು. ಒಂದು ಹುಲಿಗೆವ್ವನದು, ಇನ್ನೊಂದು ಇಂಪನಾಳದು. ಯಾರ ಹೆಸರನ್ನೂ ಹೇಳಲಿಲ್ಲ. ಕತ್ತಲೆಯಿದ್ದ ಚಿತ್ರವನ್ನು ಕಂಡು ಹಿಂದಿನ ಸಾಲಿನವನೊಬ್ಬ, "ಎಷ್ಟು ಸ್ವಚ್ಛ ಐತಿ ನೋಡು," ಎಂದು ಹೆಂಡತಿಗೆ ಹೇಳಿದ.

"ಇದು ಸ್ವಚ್ಛ ಅಲ್ರಿ, ಕಾವಲಿಲ್ಲದ್ದು," ಎಂದಳು ಮೈತ್ರಾ. "ನಾವು ರಕ್ತ ನೋಡಾಕತ್ತೀವಿ. ಜ್ವರ ಬರೂದು ಶ್ವಾಸಕೋಶಕ್ಕ. ಮಕ್ಕಳಿಗೆ ನಾಲ್ಕ ದಿನ ಸೀನಾಕ ಬಿಡ್ರಿ. ಅಷ್ಟ ಕೇಳಾಕತ್ತೀನಿ."

ಸಭೆಯಲ್ಲಿ ಕೆಲವರು ನಕ್ಕರು. ಮುನವಳ್ಳಿಯವರು ಕೈ ಎತ್ತಿ ನಗುವನ್ನು ನಿಲ್ಲಿಸಿದರು, ದೊಡ್ಡತನ ತೋರುವವರ ಹಾಗೆ. "ಡಾಕ್ಟರ್, ನಮ್ಮ ಮಕ್ಕಳು ಸಿಂಬಳದವ್ರ ಹಂಗ ಆಗ್ಲಿ ಅಂತೀರಿ. ಆಗ್ಲಿ, ಮತಕ್ಕ ಹಾಕೋಣು. ಒಪ್ಪಿಗಿ ಇದ್ದವ್ರು ಕೈ ಎತ್ರಿ."

ಎದ್ದದ್ದು ಮೈತ್ರಾಳ ಕೈ ಒಂದೇ; ಹೊರಗಿನಿಂದ ಬಂದು ಸೇರಿದ ನನಗೆ ಮತವಿರಲಿಲ್ಲ. ಮುನವಳ್ಳಿಯವರ ಹೆಂಡತಿ ಸುವರ್ಣಾಳ ಕೈ ಅರ್ಧಕ್ಕೆ ಎದ್ದಿತು. ಅವಳ ಮನೆಯಲ್ಲೂ ಮೂರು ವರ್ಷದ ಮೊಮ್ಮಗನಿದ್ದಾನೆ. ಗಂಡ ಅವಳ ಕಡೆ ತಿರುಗಿದರು. ಕೈ ಕೂದಲು ಸರಿಮಾಡಿಕೊಂಡು ಕೆಳಗಿಳಿಯಿತು. ನನ್ನ ಮಗ ತಲೆ ತಗ್ಗಿಸಿ ನಡಾವಳಿ ಬರೆಯುತ್ತಿದ್ದ. ಇಡೀ ಸಭೆಯನ್ನು ಒಮ್ಮೆ ನೋಡಿದೆ. ಓದಿದವರು, ಉಣ್ಣಲು ಉಡಲು ಇದ್ದವರು, ತಮ್ಮ ಮಕ್ಕಳ ಎದೆಯ ಚಿತ್ರವನ್ನು ಕಣ್ಣಾರೆ ಕಂಡವರು. ದೀಪ ಹಸಿರಾಗಿದ್ದರೆ ಸಾಕು, ಮಗು ಏನಾದರೂ ಆಗಲಿ ಎಂಬ ಇವರಿಗೆ ವಾದ ಮಾಡಿ ಏನು ಪ್ರಯೋಜನ?

ನಾನು ಎದ್ದು ಪಕ್ಕದ ಕಾಫಿ ಕೋಣೆಗೆ ಹೋದೆ. ಮುದುಕಿ ಎದ್ದು ಹೋದರೆ ಯಾರೂ ನೋಡುವುದಿಲ್ಲ. ವಯಸ್ಸಾದದ್ದರ ದೊಡ್ಡ ಸೌಕರ್ಯ ಅದು.

ಈ ಕಟ್ಟಡದ ಗಾಳಿಯ ವ್ಯವಸ್ಥೆಯನ್ನು ಮೈತ್ರಾಳೇ ಒಮ್ಮೆ ಹೇಳಿದ್ದಳು. ಸೋಸಿದ ಗಾಳಿ ಕಾಫಿ ಕೋಣೆಯ ಚಾವಣಿಯಿಂದ ಇಳಿಯುತ್ತದೆ. ಹಳೆಯ ಗಾಳಿಯನ್ನು ಎಳೆದುಕೊಳ್ಳುವ ಜಾಲರಿ ಇರುವುದು ಸಭಾಂಗಣದ ಆ ತುದಿಯಲ್ಲಿ, ವೇದಿಕೆಯ ಹಿಂದೆ. ನಡುವೆ ಎಲ್ಲರ ಕುರ್ಚಿಗಳು. ಕಾಫಿ ಕೋಣೆಯಿಂದ ಹೊರಟದ್ದು ಎಲ್ಲರ ಮೂಗನ್ನೂ ಮಾತಾಡಿಸಿಯೇ ಜಾಲರಿ ಸೇರಬೇಕು. ವಾಸನೆಯೇ ಇಲ್ಲದ ಕಟ್ಟಡದಲ್ಲಿ ಅದನ್ನು ಯಾರು ಯೋಚಿಸುತ್ತಾರೆ?

ಕಾಫಿ ಕಾಯಿಸುವ ಒಲೆ ಕಾದಿತು. ಕಾಫಿ ಪಾತ್ರೆಯಲ್ಲಿ ಒಂದೆರಡು ಹನಿ ಎಣ್ಣೆ, ಅದರ ಮೇಲೆ ಕನ್ನಡಕದ ಡಬ್ಬಿಯ ಮೆಣಸಿನಕಾಯಿ. ಮೊದಲು ಸುಟ್ಟ ಬೆಲ್ಲದ ವಾಸನೆ ಬಂತು. ನಾನು ಮೂಗಿಗೆ ಒದ್ದೆ ಸೆರಗು ಕಟ್ಟಿಕೊಂಡು ಬಾಗಿಲು ತೆರೆದೆ.

ಮೊದಲು ಸೀನಿದ್ದು ಹಿಂದಿನ ಸಾಲಿನ ಆ ಸ್ವಚ್ಛದ ಗಂಡಸು. ಅವನು ನುಂಗಲು ನೋಡಿದ. ಗುಂಟೂರನ್ನು ನುಂಗಲಾಗುವುದಿಲ್ಲ. ಆಮೇಲೆ ಅವನ ಹೆಂಡತಿ. ಆಮೇಲೆ ಸಾಲು ಸಾಲಾಗಿ, ನಮ್ಮ ಓಣಿಯ ಹಾಗೆ. ಎಷ್ಟೋ ವರ್ಷಗಳಿಂದ ಒಳಗೇ ಇಟ್ಟುಕೊಂಡಿದ್ದದ್ದೆಲ್ಲ ಹೊರಗೆ ಬಂತು. ಪರದೆಯ ಮೇಲೆ ಹಸಿರು ದೀಪಗಳು ಹಳದಿಯಾದವು, ಹಳದಿ ಕೆಂಪಾದವು. ಮುನವಳ್ಳಿಯವರು ಎರಡೂ ಕೈಯಿಂದ ಮೂಗು ಹಿಡಿದುಕೊಂಡು ಮೈಕಿನ ಮುಂದೆ ನಿಂತಿದ್ದರು. ಮುಖ ಮೆಣಸಿನಕಾಯಿಯ ಬಣ್ಣಕ್ಕೆ ಬಂತು. ಸುವರ್ಣಾ ಸೀನುತ್ತ ಸೀನುತ್ತಲೇ ಎದ್ದುಹೋಗಿ ತನ್ನ ಕರವಸ್ತ್ರವನ್ನು ಅವರ ಕೈಗಿಟ್ಟಳು. ಅದನ್ನು ತೆಗೆದುಕೊಳ್ಳಲು ಅವರು ಮೂಗು ಬಿಟ್ಟರು. ಆ ಸೀನು ಮೈಕಿನಲ್ಲಿ ನಲವತ್ತು ಮನೆಗೂ ಕೇಳುವಷ್ಟು ಜೋರಾಗಿ ಬಂತು. ಒಂದಲ್ಲ, ಏಳೆಂಟು.

"ನೂರು ವರ್ಷ ಬಾಳ್ರಿ ಸಾಹೇಬ್ರ," ಎಂದೆ ಬಾಗಿಲಲ್ಲಿ ನಿಂತು.

ಸಮಿತಿಯ ಯಂತ್ರಕ್ಕೆ ಮೆಣಸಿನಕಾಯಿಯ ಸೀನೂ ರೋಗದ ಸೀನೂ ಒಂದೇ. ಅದನ್ನು ಮಾಡಿಸಿದವರಿಗೂ ಹಾಗೇ ಇತ್ತಲ್ಲ. ಮೂರನೆಯ ದಿನದವರೆಗೆ ಕಾಯುವುದೇ ಬೇಡವಾಯಿತು. ಒಂದೇ ಹೊತ್ತಿನಲ್ಲಿ ಇಷ್ಟು ಸೀನಿದರೆ ಕೂಡಲೇ ಖಾಲಿ ಮಾಡಿಸಬೇಕೆಂದು ಇನ್ನೊಂದು ನಿಯಮವಿತ್ತಂತೆ. ನಲವತ್ತು ಮನೆಗಳಿಗೂ ಸೂಚನೆ ಹೋಯಿತು. ಮನೆ ಬಿಡಿ ಎಂದು ಮುನವಳ್ಳಿಯವರ ಫೋನಿಗೂ ಮುನವಳ್ಳಿಯವರ ಸಹಿಯಿದ್ದ ಪತ್ರ ಬಂತು.

ಸಂಜೆ ಗುರುಸಿದ್ಧ ಮನೆಗೆ ಬಂದ. ಕಣ್ಣು ಕೆಂಪು, ಮೂಗು ಕೆಂಪು.

"ಅವ್ವಾ, ನೀನ?"

"ನಾನ."

ಅವನು ಏನೋ ಹೇಳಲು ಹೋಗಿ ಸೀನಿದ. ಅಭ್ಯಾಸದಿಂದ ಬಾಗಿಲಾಚೆಯ ದೀಪ ನೋಡಿದ. ಕೆಂಪಾಗಿಯೇ ಇತ್ತು. ಎದುರಿನ ಮುನವಳ್ಳಿಯವರದೂ ಕೆಂಪು, ಪಕ್ಕದ್ದೂ ಕೆಂಪು. ಅವನು ಅಲ್ಲೇ ಕುಸಿದು ಕೂತು ನಗಲು ತೊಡಗಿದ. ಚಿಕ್ಕವನಿದ್ದಾಗ ಬ್ಯಾಡಗಿಯ ಮನೆಯಲ್ಲಿ ಹೀಗೇ ನಗುತ್ತಿದ್ದ. ಆಮೇಲೆ, "ಮೈತ್ರಾ, ಆ ಹನಿ ಎಲ್ಲೈತಿ?" ಎಂದ. ಇಂಪನಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವಳ ತಲೆಯನ್ನು ಹಿಂದಕ್ಕೆ ಬಾಗಿಸಿ ಹಿಡಿದವನು ಅವನೇ.

ಬಾಗಿಲು ಬಡಿದ ಸದ್ದಾಯಿತು. ಸುವರ್ಣಾ, ಕಂಕುಳಲ್ಲಿ ಮೊಮ್ಮಗ. "ನಮ್ಮವ್ರು ಮಲಗ್ಯಾರ," ಎಂದಳು ಮೆಲ್ಲಗೆ. "ಇವಗೂ ಹಾಕ್ರಿ." ಅವಳ ಹಿಂದೆ ಇನ್ನಿಬ್ಬರು ತಾಯಂದಿರು ನಿಂತಿದ್ದರು. ಎಲ್ಲರ ಮನೆಯೂ ಕೆಂಪಾದ ಮೇಲೆ ಕೆಂಪಿಗೆ ಹೆದರಲು ಏನು ಉಳಿದಿತ್ತು?

ನಾಲ್ಕು ದಿನ ಶಿಖರದ ಮಕ್ಕಳು ಸೀನಿದರು. ಇಂಪನಾಳಿಗೆ ಮೊದಲ ಸೀನು ಬಂದಾಗ ಅವಳು ಹೆದರಿ ನನ್ನ ಮುಖ ನೋಡಿದಳು. ನಾನು ಆಯುಷ್ಯ ಹಾರೈಸಿದೆ. ಎರಡನೆಯದಕ್ಕೆ ತಾನೇ ಕಾದು ಕೂತಳು.

ಖಾಲಿ ಮಾಡುವ ಸೂಚನೆಯನ್ನು ಸಮಿತಿ ಹಿಂತೆಗೆದುಕೊಂಡಿತು. ತಮ್ಮನ್ನೇ ಹೊರಹಾಕುವಷ್ಟು ಶಿಸ್ತು ಅವರಲ್ಲಿ ಇರಲಿಲ್ಲ. ದೀಪಗಳನ್ನು ಮತ್ತೆ ಹಸಿರು ಮಾಡಿ, ಯಂತ್ರವನ್ನು ಹಾಗೇ ಬಿಟ್ಟರು. ದೊಡ್ಡವರಲ್ಲಿ ಕೆಲವರು ಹನಿ ಹಾಕಿಸಿಕೊಂಡರು, ಗುರುಸಿದ್ಧನೂ ಹಾಕಿಸಿಕೊಂಡ. ನನ್ನ ವಯಸ್ಸಿನವರಿಗೆ ಅದು ಹೊಂದುವುದಿಲ್ಲವೆಂದು ಮೈತ್ರಾ ನನಗೆ ಕೊಡಲಿಲ್ಲ. ಮುನವಳ್ಳಿಯವರು, "ಅಂಗನವಾಡಿ ಹುಡುಗ್ರ ಔಷಧ ನನಗ ಬ್ಯಾಡ," ಎಂದು ಕೊರಳಿನ ಕಾರ್ಡನ್ನು ತೋರಿಸಿದರಂತೆ.

ಕೆಲವು ವಾರಗಳ ಮೇಲೆ ಮೈತ್ರಾ ಇಂಪನಾಳಿಗೆ ಮತ್ತೆ ಕಂದೀಲಿನ ಮಂಜು ಕೊಟ್ಟಳು. ಹುಲಿಗೆವ್ವನ ಜಾತ್ರೆಯಲ್ಲ. ಆದರೂ ಅಲ್ಲಲ್ಲಿ, ಹಳ್ಳಿಯಲ್ಲಿ ಸಂಜೆ ಒಂದೊಂದೇ ಮನೆ ದೀಪ ಹಚ್ಚಿದಂತೆ, ಚುಕ್ಕೆಗಳಿದ್ದವು. "ಕರೆಂಟ್ ಬಂತು!" ಎಂದು ಕೂಗಿದಳು ಇಂಪನಾ. ಮೈತ್ರಾ ಪರದೆಗೆ ಹಣೆಯಾನಿಸಿ ನಿಂತುಬಿಟ್ಟಳು.

ಜ್ವರ ಆಮೇಲೆ ಬಂತು. ಸೋಸುವ ಜಾಲರಿಯನ್ನು ಭೇದಿಸಿಕೊಂಡೇನೂ ಬರಲಿಲ್ಲ. ಒಳ್ಳೆಯ ಸೂಟು ಹಾಕಿಕೊಂಡು, ಮುಂಬೈಯಿಂದ, ಮುಂಬಾಗಿಲಿಂದಲೇ ಬಂತು. ಮುನವಳ್ಳಿಯವರೂ ಸುವರ್ಣಾಳೂ ಒಂದೇ ದಿನ ಮಲಗಿದರು. ಹನಿ ಹಾಕಿಸಿಕೊಳ್ಳದ ದೊಡ್ಡವರು ಮಹಡಿ ಮಹಡಿಯಾಗಿ ಮಲಗಿದರು. ಮೇಲಿನ ಮಹಡಿಯ ಇಬ್ಬರು ಏಳಲೇ ಇಲ್ಲ. ಅವರ ಕಾರ್ಡಿನ ಸಂಖ್ಯೆ ಚೆನ್ನಾಗಿಯೇ ಇತ್ತು. ಇಂಪನಾಳಿಗೆ ಒಂದು ಸಂಜೆ ಮೈ ಬೆಚ್ಚಗಾಯಿತು. ಹನಿಯಿಲ್ಲದ ನನ್ನನ್ನು ಮೈತ್ರಾ ನನ್ನ ಕೋಣೆಯಲ್ಲೇ ಬೇರೆಯಾಗಿ ಇಟ್ಟಿದ್ದಳು; ಅದರ ಗಾಜಿನಾಚೆಯಿಂದ ಮಗುವಿನ ಉಸಿರನ್ನೇ ನೋಡುತ್ತ ಕೂತೆ. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಬೆಳಗಾಗುತ್ತಲೇ ದೋ‌ಸೆ ಕೇಳಿದಳು.

ಅಡುಗೆಮನೆಯ ಯಂತ್ರ ಹಳೆಯ ನಿಯಮವನ್ನೇ ಪಾಲಿಸಿತು. ಕೆಂಪು ಬಾಗಿಲಿಗೆ ಡಬ್ಬಿ ಹೋಗಲಿಲ್ಲ. ಅದನ್ನು ಬದಲಿಸಲು ಸಮಿತಿ ಸೇರಬೇಕು, ಸಮಿತಿ ಮಲಗಿತ್ತು. ಆಗ ಮೈತ್ರಾ ಯಾರನ್ನೂ ಕೇಳದೆ ಹೊರಬಾಗಿಲು ತೆರೆದು ಹುಲಿಗೆವ್ವನನ್ನು ಒಳಗೆ ಕರೆದಳು. ರೋಗಿಗಳ ಹತ್ತಿರ ಸುಳಿಯಬಲ್ಲ ಎದೆ ಅವಳದು. ಕಾವಲುಗಾರನೇ ಎದ್ದು ಅವಳಿಗೆ ಲಿಫ್ಟಿನ ಬಾಗಿಲು ಹಿಡಿದನಂತೆ.

ಹುಲಿಗೆವ್ವ ನಮ್ಮ ಒಲೆಯ ಮೇಲೆ ಅಡುಗೆ ಮಾಡಿದಳು. ಗುರುಸಿದ್ಧ ಮೇಲಿನ ಮಹಡಿಗಳಿಗೆ ಒಯ್ದುಕೊಡುತ್ತಿದ್ದ. ಸುವರ್ಣಾಳನ್ನು ಆಸ್ಪತ್ರೆಗೆ ಒಯ್ದಿದ್ದರು, ಮೊಮ್ಮಗ ನಮ್ಮಲ್ಲಿ ಇಂಪನಾಳ ಜೊತೆ ಆಡಿಕೊಂಡಿದ್ದ. ಎದುರು ಮನೆಯಲ್ಲಿ ಮುನವಳ್ಳಿಯವರು ಒಬ್ಬರೇ ಕೆಮ್ಮುತ್ತಿದ್ದರು. ಆ ಬಾಗಿಲಿಗೆ ಯಾರೂ ಹೋಗಲಿಲ್ಲ.

"ಅವ್ರಿಗೆ?" ಎಂದಳು ಹುಲಿಗೆವ್ವ.

"ಇರ್ಲಿ ಬಿಡು," ಎಂದೆ ನನ್ನ ಕೋಣೆಯ ಬಾಗಿಲ ಸಂದಿಯಿಂದ. "ಕೆಂಪು ಬಾಗ್ಲಂದ್ರ ಏನಂತ ಅವ್ರಿಗೂ ಒಂದಿಷ್ಟು ತಿಳೀಲಿ."

ಹುಲಿಗೆವ್ವ ಒಲೆಯ ಕಡೆ ತಿರುಗಿದಳು. ನುಚ್ಚು ಬೆಂದಿತ್ತು. ಮಜ್ಜಿಗೆ ಬೆರೆಸಿದಳು. ಒಗ್ಗರಣೆ ಸೌಟು ಕಾಯಿಸಿ, ಸಾಸಿವೆ ಹಾಕಿ, ಒಂದು ಒಣ ಮೆಣಸಿನಕಾಯಿ ಕೈಗೆತ್ತಿಕೊಂಡಳು. ಎದುರು ಬಾಗಿಲಿನ ಕಡೆ ಒಮ್ಮೆ ನೋಡಿದಳು. ಕೆಮ್ಮು ಕೇಳುತ್ತಿತ್ತು. ಮೆಣಸಿನಕಾಯಿಯನ್ನು ಮತ್ತೆ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು.

ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಅವಳು ಎದುರು ಬಾಗಿಲು ತಟ್ಟಿದಳು. ಬಹಳ ಹೊತ್ತಿನ ಮೇಲೆ ತೆರೆಯಿತು. ಮುನವಳ್ಳಿಯವರು ಗೋಡೆ ಹಿಡಿದು ನಿಂತಿದ್ದರು. ಕೊರಳಲ್ಲಿ ಕಾರ್ಡು ಹಾಗೇ ಇತ್ತು. ಅವಳನ್ನು ಗುರುತಿಸಿದರು. ಮೂಗು ಮುಚ್ಚಿಕೊಳ್ಳಲು ಕೈ ಅರ್ಧಕ್ಕೆ ಎದ್ದು ಅಲ್ಲೇ ನಿಂತಿತು.

ಆ ಕೈಗೆ ಹುಲಿಗೆವ್ವ ಬಟ್ಟಲನ್ನಿಟ್ಟಳು. ಅವರು ಗಟ್ಟಿಯಾಗಿ ಹಿಡಿಯುವವರೆಗೂ ತಳಕ್ಕೆ ತನ್ನ ಕೈಯನ್ನು ಕೊಟ್ಟು ನಿಂತಿದ್ದಳು.